ಅರ್ಧ ಗಡ್ಡದ ಮೇಷ್ಟ್ರು

ಅಲ್ಲಾಡಬೇಡ ಅಂದೆ ತಾನೆ ತಮ್ಮಾ! ಕೈಯಲ್ಲಿರೋದು ಕತ್ತಿ, ಬಾಚಣಿಗೆ ಅಲ್ಲ. ಗದ್ದ ಸ್ವಲ್ಪ ಮೇಲೆ... ಹಾಂ, ಹಾಗೆ. ಕತ್ತರಿಯಲ್ಲಿ ಒಂದು ಸುತ್ತು ತೆಗೆದ ಮೇಲೂ ಕಾಡು ಇದ್ದ ಹಾಗಿದೆ ನಿನ್ನ ಗಡ್ಡ. ಒಳಗೆ ಮೊಲ ಗಿಲ ಇದ್ದರೆ ಈಗಲೇ ಹೇಳಿಬಿಡು.

ನಗಲಿಲ್ಲ ನೀನು. ಇರಲಿ ಬಿಡು.

ನೀನು ಯಾರು ಅಂತ ನನಗೆ ಗೊತ್ತಿಲ್ಲ ಅಂದುಕೊಂಡ್ಯಾ? ಬಾಗಿಲಲ್ಲಿ ತಲೆ ತಗ್ಗಿಸಿ ನಿಂತೆಯಲ್ಲ, ಆಗಲೇ ಗೊತ್ತಾಯ್ತು. ತೀರಿಹೋದರಲ್ಲ ಮೇಷ್ಟ್ರು, ಅವರ ಮನೇಲಿ ಅವರನ್ನ ನೋಡಿಕೊಂಡಿದ್ದಳಲ್ಲ, ಆ ಹುಡುಗಿಯ ಅಣ್ಣ ನೀನು. ಬೆಚ್ಚಬೇಡ! ಕೂತ್ಕೋ! ನಾನು ಯಾರಿಗೂ ಹೇಳಲ್ಲ. ಬಸ್ಸು ಓಡಿಸ್ತಿದ್ದೆ ನೀನು. ಜನ ನಿನ್ನ ಸೀಟಿನ ಪಕ್ಕ ನಿಂತು ಫೋನು ಹಿಡಿದು ‘ಕೊಲೆಗಾರ, ಕೊಲೆಗಾರ’ ಅಂತ ಕೂಗಿದ್ದಕ್ಕೆ ಸದ್ಯಕ್ಕೆ ಮನೇಲಿರು ಅಂದಿದ್ದಾರೆ. ಇವತ್ತು ಮಧ್ಯಾಹ್ನ ನಿನ್ನ ತಂಗೀನ ಎದುರಿಗಿರೋ ಈ ಕೋರ್ಟಿಗೆ ತರ್ತಾರೆ. ಜಾಮೀನು ಸಿಕ್ಕರೆ ಮನೆ, ಇಲ್ಲದಿದ್ದರೆ ಮತ್ತೆ ಜೈಲು. ಅಷ್ಟರೊಳಗೆ ಈ ಗಡ್ಡ ಹೋಗಬೇಕು, ಗುಂಪಿನಲ್ಲಿ ಯಾರೂ ಗುರುತು ಹಿಡಿಯಬಾರದು. ಸರಿಯಾಗಿ ಹೇಳಿದ್ನಾ?

ನೋಡು! ನನಗೆ ಗೊತ್ತಾಗದ್ದು ಏನಿದೆ? ಅಕ್ಷರ ಬರದೇ ಇರಬಹುದು ಕಣೋ, ಆದರೆ ಈ ಕುರ್ಚೀಲಿ ಕೂತು ನನ್ನ ಹತ್ತಿರ ಸಲಹೆ ಕೇಳಿಕೊಂಡು ಹೋದ ವಕೀಲರು ಒಬ್ಬರೂ ಸೋತಿಲ್ಲ. ಒಬ್ಬ ಜಡ್ಜು ಇದ್ದರು, ತೀರ್ಪು ಬರೆಯೋ ಮುಂಚೆ ನನ್ನ ಹತ್ತಿರ ಕಿವಿ ಕೂದಲು ತೆಗೆಸಿಕೊಳ್ಳೋ ನೆಪದಲ್ಲಿ ಬರ್ತಿದ್ದರು. ನಾನು ಕೆಮ್ಮಿದರೆ ಶಿಕ್ಷೆ, ಸೀನಿದರೆ ಬಿಡುಗಡೆ!

ಯಾಕೆ ಹಾಗೆ ನೋಡ್ತೀಯ ಕನ್ನಡಿಯಲ್ಲಿ? ಸರಿ, ಸುಳ್ಳು. ಒಪ್ಪಿಕೊಂಡೆ. ಕ್ಷೌರದಂಗಡೀಲಿ ಕತ್ತಿ ಒಂದೇ ಆಡಿದರೆ ಯಾರು ಬರ್ತಾರೆ, ನಾಲಿಗೇನೂ ಆಡಬೇಕು.

ಆದರೆ ಈ ಫೋನಿನ ಪತ್ತೇದಾರರ ಮುಂದೆ ನಾನೆಲ್ಲಿ! ದಿನಾ ಕೇಳ್ತೀನಪ್ಪ ನಾನು ಅವರನ್ನ. ನೋಡು, ಅಲ್ಲಿ ಪೌಡರ್ ಡಬ್ಬಿಗೆ ಒರಗಿಸಿ ಇಟ್ಟಿದ್ದೀನಲ್ಲ ಫೋನು, ಬೆಳಗಿಂದ ಸಂಜೆ ತನಕ ಅದೇ. ಒಬ್ಬ ಇದ್ದಾನೆ, ದಪ್ಪ ಕನ್ನಡಕ, ಹಾಸಿಗೆ ಮೇಲೆ ಕೂತೇ ಮಾತಾಡ್ತಾನೆ, ಹಿಂದೆ ಮಡಚದ ಬಟ್ಟೆ ರಾಶಿ. ಸ್ವಂತ ಬನಿಯನ್ನು ಎಲ್ಲಿದೆ ಅಂತ ಪತ್ತೆ ಮಾಡಕ್ಕೆ ಬರಲ್ಲ, ಕೊಲೆ ಪತ್ತೆ ಮಾಡ್ತಾನಂತೆ! ಇನ್ನೊಬ್ಬಳು ಮುಖಕ್ಕೆ ಬೆಕ್ಕಿನ ಕಿವಿ ಬರೋ ಹಾಗೆ ಮಾಡ್ಕೊಂಡು ‘ಸ್ನೇಹಿತರೇ, ಈ ಫೋಟೋ ದೊಡ್ಡದು ಮಾಡಿ ನೋಡಿ’ ಅಂತಾಳೆ. ಮತ್ತೊಬ್ಬ ಬರೀ ಕೆಂಪು ಬಾಣ ಹಾಕ್ತಾನೆ. ಎಲ್ಲಿ ನೋಡಿದರೂ ಬಾಣ. ಪಾಪ, ಮೇಷ್ಟ್ರ ಮೂಗಿಗೂ ಒಂದು ಬಾಣ.

ಪೊಲೀಸಿನವರ ಕೈಯಿಂದ ಆ ಫೋಟೋ ಹೇಗೆ ಹೊರಗೆ ಬಂತೋ ಏನೋ. ನೀನೂ ನೋಡಿರ್ತೀಯ. ಬಚ್ಚಲ ಪಕ್ಕ ನೆಲದ ಮೇಲೆ ಮೇಷ್ಟ್ರು. ತಲೆ ಹಿಂದೆ ಪೆಟ್ಟು, ಕೆಳಗೆ ಟವೆಲ್ಲು. ಎಡಗೆನ್ನೆ ನುಣ್ಣಗೆ, ಬಲಗೆನ್ನೆ ಪೂರ್ತಿ ಗಡ್ಡ. ಕಾಲ ಹತ್ತಿರ ನೆಲದ ಮೇಲೆ ಎರಡು ಕೆಂಪು ಉದ್ದಚೌಕ, ಅಕ್ಕಪಕ್ಕ. ಮುಖದ ಮೇಲೆ ನಗು. ಅಷ್ಟು ಸಾಕಾಯ್ತು ಇವರಿಗೆ! ಕನ್ನಡಕದವನು ಹೇಳಿದ: ಎರಡು ಚೌಕ ಅಂದರೆ ಸಮ ಅನ್ನೋ ಗುರುತು, ಸತ್ತವರು ಲೆಕ್ಕದ ಮೇಷ್ಟ್ರು, ಯಾವನೋ ಫೇಲಾದ ಶಿಷ್ಯ ಬಂದು ಲೆಕ್ಕ ಸಮ ಮಾಡಿದ್ದಾನೆ! ಬೆಕ್ಕಿನ ಕಿವಿಯವಳು: ಅಲ್ಲ, ಅದು ಮಾಟ, ಅರ್ಧ ಗಡ್ಡ ಅಂದರೆ ಅರ್ಧ ಆಯಸ್ಸು!

ನಗಬೇಕು ಅನಿಸ್ತು ಕಣೋ ಮೊದಮೊದಲು. ನಿಜವಾಗಿ.

ಆಮೇಲೆ ಅವರೆಲ್ಲ ನಿನ್ನ ತಂಗಿ ಮೇಲೆ ತಿರುಗಿಬಿದ್ದರು. ಮೇಷ್ಟ್ರಿಗೆ ಗಡ್ಡ ತೆಗೀತಿದ್ದವಳು ಅವಳೇ, ಆ ಗುಂಯ್‌ಗುಡೋ ಮಿಷನ್ನಲ್ಲಿ. ಹಿಂದಿನ ದಿನ ಅವಳು ‘ಹೀಗೆ ಕದ್ದು ಸಿಹಿ ತಿಂದು ಸಾಯ್ತೀರಾ ನೀವು, ನೋಡ್ತಿರಿ’ ಅಂತ ಕೂಗಿದ್ದನ್ನ ಪಕ್ಕದ ಮನೆಯವರು ಕೇಳಿದ್ದಾರೆ. ಅವಳು ಪೊಲೀಸರಿಗೆ ಹೇಳಿದ್ದೇನು? ‘ನಾನು ಔಷಧಿ ತರಕ್ಕೆ ಹೋಗುವಾಗ ಅವರಿಗೆ ಪೂರ್ತಿ ಗಡ್ಡ ಇತ್ತು. ಬಂದಾಗ ಅರ್ಧ ಇತ್ತು. ಮನೆಗೆ ಯಾರೂ ಬರೋರೇ ಇಲ್ಲ.’ ಊರೆಲ್ಲ ನಕ್ಕಿತು. ಇನ್ನರ್ಧ ಗಡ್ಡ ತಾನೇ ಎದ್ದು ಪೇಟೆಗೆ ಹೋಯ್ತಾ ಅಂತ. ಅದಕ್ಕೊಂದು ಹಾಡು ಬೇರೆ ಕಟ್ಟಿದರು, ಮಕ್ಕಳು ಬೀದೀಲಿ ಹೇಳ್ಕೊಂಡು ಓಡಾಡೋ ಹಾಗಾಯ್ತು.

ಅವಳು ನಿಜಾನೇ ಹೇಳಿದ್ದಳು ತಮ್ಮಾ.

...ನನಗೆ ಹೇಗೆ ಗೊತ್ತಾ? ಹೇಗೆ ಅಂದರೆ... ಅಂದಾಜು. ಮುಖ ನೋಡಿದರೆ ಗೊತ್ತಾಗತ್ತೆ ನನಗೆ. ತಲೆ ಆಕಡೆ ತಿರುಗಿಸು. ಈ ಕೆನ್ನೆ ಆಯ್ತು.

ಯಾರದು ಬಾಗಿಲಲ್ಲಿ? ಆಮೇಲೆ ಬನ್ನಿ ಸ್ವಾಮೀ, ಆಮೇಲೆ! ಇವತ್ತು ಕೈ ಬಿಡುವಿಲ್ಲ... ಹೋದರು. ಬಾಗಿಲು ಸ್ವಲ್ಪ ಮುಂದೆ ಮಾಡಿಬಿಡ್ತೀನಿ ಇರು. ಧೂಳು.

ನೋಡು, ಒಂದು ಮಾತು ಹೇಳ್ತೀನಿ, ಸಿಟ್ಟಾಗಬಾರದು. ಆ ಫೋನಿನ ಗುಂಪಿನಲ್ಲಿ ಒಂದು ದನಿ ಬಂತಲ್ಲ... ಹೆಸರಿಲ್ಲದ್ದು. ‘ಆ ಹುಡುಗಿ ಅಲ್ಲ, ಹಿಂದಿನ ಮೆಟ್ಟಿಲಲ್ಲಿ ಒಬ್ಬ ಇಳಿದು ಹೋಗಿದ್ದನ್ನ ನಾನು ಕಣ್ಣಾರೆ ಕಂಡೆ, ಎತ್ತರದ ಆಳು, ಕರೀ ಗಡ್ಡ, ಭುಜ ಬಾಗಿಲಿಗೆ ತಾಗ್ತಿತ್ತು’ ಅಂತ. ಕೇಳಿದ್ದೀಯಲ್ಲ? ಕೇಳದೇ ಇರ್ತೀಯಾ, ಅದರಿಂದಲೇ ತಾನೆ...

ಅದು ನಾನು.

ಕೂತ್ಕೋ! ಕತ್ತಿ ಇದೆ ಕಣೋ ಗಂಟಲ ಹತ್ತಿರ! ನಿನ್ನ ನೆನಪಲ್ಲಿ ಹೇಳಿದ್ದಲ್ಲ ಮಾರಾಯ, ನಿನ್ನನ್ನ ನಾನು ನೋಡೇ ಇರಲಿಲ್ಲ! ಸುಮ್ಮನೆ ಬಾಯಿಗೆ ಬಂದ ಆಳು ಅದು. ಅವಳನ್ನ ಬಿಡಿಸೋಣ ಅಂತ. ಒಬ್ಬ ಇಲ್ಲದ ಮನುಷ್ಯನ ಮೇಲೆ ಹಾಕಿದರೆ ಯಾರಿಗೂ ನೋವಾಗಲ್ಲ ಅಂತ. ಸ್ವಲ್ಪ ಎತ್ತರ ಸೇರಿಸಿದೆ, ಗಡ್ಡ ಸೇರಿಸಿದೆ, ಅದು ನನ್ನ ಕಸುಬು ನೋಡು, ಗಡ್ಡ ಇಲ್ಲದ ಕಳ್ಳ ನನ್ನ ಕಣ್ಣಿಗೆ ಬರೋದೇ ಇಲ್ಲ. ಆ ಬಾಣದವನು ಒಂದೇ ದಿನದಲ್ಲಿ ನಿನ್ನ ತಂಗಿ ಮದುವೆ ಫೋಟೋ ಎಲ್ಲಿಂದಲೋ ಹುಡುಕಿ ತೆಗೆದ. ಹಿಂದಿನ ಸಾಲಿನಲ್ಲಿ ನೀನು. ಎತ್ತರ. ಗಡ್ಡ. ಬಾಣ. ಅಣ್ಣ ತಂಗಿ ಸೇರಿ ಮುಗಿಸಿದ್ದಾರೆ ಅಂತ ಆಗಿಹೋಯ್ತು.

ಇಲ್ಲದ ಮನುಷ್ಯನನ್ನ ಮಾಡಿದೆ, ಅವನು ಬಂದು ನನ್ನ ಕುರ್ಚೀಲಿ ಕೂತ.

ಬೈಯಬಾರದೇನೋ? ಬೈದರೆ ಹಗುರಾಗತ್ತೆ. ಹೀಗೆ ಕನ್ನಡಿಯಲ್ಲಿ ನೋಡ್ತಾ ಕೂತರೆ...

ಅವಳನ್ನ ಬಿಡಿಸಕ್ಕೆ ನನಗೇನು ಅಷ್ಟು ಆತುರ ಅಂತ ತಾನೆ ನೋಡ್ತಿರೋದು? ಒಳ್ಳೇ ಹುಡುಗಿ ಅದಕ್ಕೆ. ಮೇಷ್ಟ್ರೇ ಹೇಳ್ತಿದ್ದರು. ‘ನನ್ನ ಮಗಳಾಗಿದ್ದರೂ ಇಷ್ಟು ಬೈತಿರಲಿಲ್ಲ, ಬಹಳ ಪ್ರೀತಿ ಕಣಯ್ಯಾ’ ಅಂತ... ಯಾವಾಗ ಹೇಳಿದರಾ? ಅವರು... ಅವರ ಮನೆಗೆ ನಾನು...

ಹೋಗ್ತಿದ್ದೆ. ಹೋಗ್ತಿದ್ದೆ ಕಣಪ್ಪ. ಯಾರಿಗೂ ಗೊತ್ತಿಲ್ಲ. ನಿನ್ನ ತಂಗಿಗೂ ಗೊತ್ತಿಲ್ಲ. ಆ ಮಿಷನ್ ಕಂಡರೆ ಮೇಷ್ಟ್ರಿಗೆ ಆಗ್ತಿರಲಿಲ್ಲ. ‘ಮುಖದ ಮೇಲೆ ಜೀರುಂಡೆ ಬಿಟ್ಟ ಹಾಗಾಗತ್ತೆ, ಮಾತೂ ಆಡಲ್ಲ ಅದು’ ಅಂತಿದ್ದರು. ಅವಳು ಔಷಧಿ ಅಂಗಡಿಗೆ ಹೊರಟ ತಕ್ಷಣ ಕಿಟಕಿಗೆ ಬಿಳೀ ಟವೆಲ್ಲು ಹಾಕ್ತಿದ್ದರು. ಇಲ್ಲಿಂದ ಕಾಣ್ತಿತ್ತು. ಪೆಟ್ಟಿಗೆ ತಗೊಂಡು ಹಿಂದಿನ ಮೆಟ್ಟಿಲು ಹತ್ತಿ ಹೋಗ್ತಿದ್ದೆ. ಜೇಬಲ್ಲಿ ಒಂದು ಸಿಹಿ ಪೊಟ್ಟಣ. ಶಾಲೆಗೆ ಚಕ್ಕರ್ ಹೊಡೆದ ಹುಡುಗರ ಹಾಗೆ ಇಬ್ಬರೂ! ಅವಳು ಬಂದು ಕೇಳಿದರೆ ಮಿಷನ್ ನಾನೇ ಆಡಿಸ್ಕೊಂಡೆ ಅನ್ನೋರು. ಅವರಿಗೆ ಬೇಕಾಗಿದ್ದಿದ್ದು ಕ್ಷೌರ ಅಲ್ಲ ತಮ್ಮಾ. ನನ್ನ ಸುಳ್ಳು. ಊರಿಗೆಲ್ಲ ಲೆಕ್ಕ ಕಲಿಸಿದ ಮನುಷ್ಯ, ನನ್ನ ಮುಂದೆ ಕೂತು ‘ಆಮೇಲೆ? ಆಮೇಲೆ?’ ಅನ್ನೋರು.

ಮನೇಲಿ ಇಂಥ ಹಿಂದೆ ಬಾಗೋ ಕುರ್ಚಿ ಎಲ್ಲಿರತ್ತೆ? ಅದಕ್ಕೆ ನಾವು ಮಾಡೋ ಉಪಾಯ ಒಂದಿದೆ, ನಮ್ಮಪ್ಪನೂ ಮಾಡ್ತಿದ್ದ. ಮರದ ಕುರ್ಚಿಯ ಮುಂದಿನ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟರೆ ಆಯ್ತು, ತಲೆ ತಾನಾಗೇ ಹಿಂದಕ್ಕೆ ಬರತ್ತೆ. ಬಾಲ್ಕನೀಲಿ ಹೂಕುಂಡದ ಕೆಳಗೆ ಎರಡು ಇಟ್ಟಿಗೆ ಇದ್ದವು...

ಹೌದು. ಅದೇ ಎರಡು ಕೆಂಪು ಚೌಕ. ಒದ್ದೆ ನೆಲ, ಇಟ್ಟಿಗೆ ಬಣ್ಣ ಬಿಡ್ತು. ಅಷ್ಟೇ. ಶಿಷ್ಯನೂ ಇಲ್ಲ, ಮಾಟವೂ ಇಲ್ಲ.

ಅವತ್ತು ಸರ್ಕಸ್ಸಿನ ಸಿಂಹಕ್ಕೆ ಕ್ಷೌರ ಮಾಡಿದ ಕತೆ ಹೇಳ್ತಿದ್ದೆ. ಸಿಂಹಕ್ಕೆ ಹೇನು ಬಿದ್ದಿತ್ತು, ಊರಿನ ಕ್ಷೌರಿಕರೆಲ್ಲ ಓಡಿಹೋದರು, ನಾನೊಬ್ಬನೇ ಬೋನಿನೊಳಗೆ ಹೋದೆ. ಮೇಷ್ಟ್ರು ‘ಒಂದು ಸಿಂಹದ ಕೇಸರಕ್ಕೆ ಎಷ್ಟು ಸೋಪು ಬೇಕು, ಲೆಕ್ಕ ಹೇಳು’ ಅಂದರು. ನಾನು ‘ಸೋಪು ಹಚ್ಚಿ ಕನ್ನಡಿ ಹಿಡಿದೆ ಸ್ವಾಮೀ, ಸಿಂಹ ತನ್ನ ಮುಖ ನೋಡಿಕೊಂಡು ನಾಚಿಕೊಂಡುಬಿಡ್ತು’ ಅಂದೆ. ‘ಸಿಂಹ ನಾಚಿಕೊಳ್ಳತ್ತೇನಯ್ಯಾ!’ ಅಂತ ತೊಡೆ ತಟ್ಟಿಕೊಂಡು ನಕ್ಕರು. ಹಿಂದಕ್ಕೆ ವಾಲಿ ವಾಲಿ ನಕ್ಕರು. ಕುರ್ಚಿ ಜಾರಿತು.

ಬಚ್ಚಲ ಕಟ್ಟೆ ಕಲ್ಲಿನದು.

ನಾನು ತಳ್ಳಲಿಲ್ಲ ತಮ್ಮಾ. ಯಾರೂ ತಳ್ಳಲಿಲ್ಲ. ಕಣ್ಣು ಮುಚ್ಚಿ ತೆಗೆಯೋದರೊಳಗೆ ಹೋಗಿಬಿಟ್ಟರು, ನಗ್ತಾ ನಗ್ತಾ. ನನ್ನ ಕೈಯಲ್ಲಿ ಕತ್ತಿ. ಯಾರು ನಂಬ್ತಾರೆ ನನ್ನ? ಬಾಯಿ ಬಿಟ್ಟರೆ ಸುಳ್ಳು ಅಂತ ಇಡೀ ಬೀದಿಗೆ ಗೊತ್ತು. ಟವೆಲ್ಲು ಮಡಚಿ ತಲೆ ಕೆಳಗೆ ಇಟ್ಟೆ, ಕುರ್ಚಿ ನೆಟ್ಟಗೆ ನಿಲ್ಲಿಸಿದೆ, ಇಟ್ಟಿಗೆ ಕುಂಡದ ಕೆಳಗಿಟ್ಟೆ, ನೊರೆ ಒರೆಸಿದೆ, ಪೆಟ್ಟಿಗೆ ತಗೊಂಡೆ. ಅಷ್ಟೇ. ಅಷ್ಟೇ ಆಗಿದ್ದು. ಎಲ್ಲಾ ಹೇಳಿಬಿಟ್ಟೆ ನೋಡು. ಈಗ ನೀನು...

ಏನು?

ಯಾಕೆ ಏಳ್ತಿದ್ದೀಯ? ಇನ್ನೂ ಮೀಸೆ ಪಕ್ಕ... ಸರಿ, ಒರೆಸ್ಕೋ. ನೀನೇ ಒರೆಸ್ಕೋ. ಆದರೆ ಆ ಟವೆಲ್ಲು ಯಾಕೆ ಹಾಗೆ ನೋಡ್ತಿದ್ದೀಯ? ಮಡಚಿ ಯಾಕೆ ನನ್ನ ಮುಂದೆ ಇಟ್ಟೆ?

...

 

ಸತ್ತವರ ತಲೆಗೆ ದಿಂಬು ಯಾಕೆ ಅಂತ.

ಅದನ್ನೇ ಕೇಳ್ತಿರೋದು ನೀನು, ಅಲ್ವಾ? ಇಡೀ ಊರು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿತು, ಆ ಟವೆಲ್ಲಿಗೆ ಯಾರೂ ಬಾಣ ಹಾಕಲಿಲ್ಲ...

ಉಸಿರಿತ್ತು ಕಣೋ.

ಕಣ್ಣು ಬಿಟ್ಟಿದ್ದರು. ನೀರು ಕೇಳಲಿಲ್ಲ, ಡಾಕ್ಟರು ಅನ್ನಲಿಲ್ಲ. ನನ್ನ ಮುಖ ನೋಡಿ ‘ಆಮೇಲೆ ಏನಾಯ್ತು?’ ಅಂದರು. ಸಿಂಹಕ್ಕೆ. ಮೆಲ್ಲಗೆ. ನಗು ಇನ್ನೂ ಹಾಗೇ ಇತ್ತು. ನನಗೆ... ನನಗೇ ಗೊತ್ತಿರಲಿಲ್ಲ ಆಮೇಲೆ ಏನು ಅಂತ, ಇನ್ನೂ ಕಟ್ಟಿರಲಿಲ್ಲ ಅದನ್ನ. ‘ಬಂದೆ ಸ್ವಾಮೀ, ಇರಿ’ ಅಂದೆ. ಬಾಗಿಲು ಎಳೆದುಕೊಂಡೆ. ನಿನ್ನ ತಂಗಿ ಇನ್ನೇನು ಬರ್ತಾಳೆ, ಅವಳು ನೋಡ್ಕೋತಾಳೆ ಅಂದುಕೊಂಡೆ. ಅವಳಿಗೆ ಆ ಅಂಗಡೀಲಿ ಔಷಧಿ ಸಿಗಲಿಲ್ಲವಂತೆ. ದೂರದ ಅಂಗಡಿಗೆ ಹೋದಳಂತೆ. ನಾನು ಇಲ್ಲಿ ಬಂದು ಈ ಕಿಟಕೀಲಿ ನಿಂತು, ಅವಳು ಬರೋದನ್ನೇ ಕಾಯ್ತಾ... ಕೂಗಲಿಲ್ಲ. ಯಾರನ್ನೂ ಕೂಗಲಿಲ್ಲ. ಇಷ್ಟು ದೊಡ್ಡ ಬಾಯಿ ಇಟ್ಕೊಂಡು.

ಚಪ್ಪಲಿ ಎಲ್ಲಿ ನಂದು... ನಡಿ. ನಾನೂ ಬರ್ತೀನಿ. ಎದುರಿಗೇ ಇದೆಯಲ್ಲ ಕೋರ್ಟು, ಅವಳನ್ನ ಕರ್ಕೊಂಡು ಬರೋದರೊಳಗೆ ವಕೀಲರ ಹತ್ತಿರ ಹೇಳ್ತೀನಿ. ಕುಂಡ ಎತ್ತಿ ಇಟ್ಟಿಗೆ ತೋರಿಸ್ತೀನಿ. ಬಣ್ಣ ಹಚ್ಚಲ್ಲ. ಕುರ್ಚಿ ಜಾರಿತು ಅಂತೀನಿ, ನಾನು ಅಲ್ಲೇ ಇದ್ದೆ ಅಂತೀನಿ. ಅಷ್ಟು ಹೇಳಿದರೆ ಬಿಡ್ತಾರೆ ಅವಳನ್ನ, ಅಲ್ವಾ? ಅಷ್ಟು ಸಾಕಾಗತ್ತೆ. ಉಸಿರಿತ್ತು ಅನ್ನೋದು...

ಅದನ್ನೂ ಹೇಳಬೇಕಾ?

...

ತಮ್ಮಾ?

...

ಹೇಳ್ತೀನಿ. ಬಾಗಿಲು ತೆಗಿ.