ಚೀಟಿ ಬರೆದವರೇ ಗಾಡಿ ಹತ್ತಬೇಕು

ನಮ್ಮ ಡಾಕ್ಟರ ಪತ್ನಿ ಪ್ರೇಮಾಬಾಯಿ ವೈನಿಯವರೇ, ಅವರ ಮಗಳು ಶರ್ವಾಣಿ, ನಾಸಿಕದ ಕನ್ನಡ ಬಾಂಧವರೇ, ಘೋಟಿಯಿಂದ ಬಸ್ಸು ಹಿಡಿದು ಬಂದಿರುವ ನಮ್ಮ ಆಸ್ಪತ್ರೆಯ ಬಳಗದವರೇ — ಎಲ್ಲರಿಗೂ ನಮಸ್ಕಾರ.

ಡಾಕ್ಟರ್ ವಿಶ್ವನಾಥಪ್ಪನವರು ನಮ್ಮನ್ನು ಅಗಲಿ ಇವತ್ತಿಗೆ ಹನ್ನೊಂದು ದಿನ. ನಾನು ಮಲ್ಲಿನಾಥ, ಅರಿವಳಿಕೆ ಕೊಡುವ ಡಾಕ್ಟರು. ಹತ್ತೊಂಬತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತೆವು — ಅವರು ಹೊಟ್ಟೆಯ ಕಡೆ, ನಾನು ತಲೆಯ ಕಡೆ, ನಡುವೆ ಒಂದು ಹಸಿರು ಪರದೆ. ಆ ಪರದೆಯ ಮೇಲಿಂದ ಬೈಸಿಕೊಂಡಷ್ಟು ನಾನು ನನ್ನ ತಂದೆಯಿಂದಲೂ ಬೈಸಿಕೊಂಡಿಲ್ಲ. ನಗಿ, ನಗಿ — ಅವರೂ ಬೈದು ಮುಗಿಸಿ ನಗುತ್ತಿದ್ದರು.

ಬೀದರ ಕಡೆಯ ಮನುಷ್ಯ. ನಾಸಿಕದ ದೊಡ್ಡ ಆಸ್ಪತ್ರೆಗಳು ಕರೆದವು. ಇವರು ಘೋಟಿಯ ಸಣ್ಣ ಆಸ್ಪತ್ರೆಯಲ್ಲಿ ಕೂತರು. ಹಳ್ಳಿಯಲ್ಲಿ ಆಪರೇಷನ್ ಮಾಡಬಲ್ಲ ಡಾಕ್ಟರುಗಳನ್ನು ತಯಾರು ಮಾಡಿದರು. ಅಪೆಂಡಿಕ್ಸ್ ಬಂದರೂ ಅವರೇ, ಸಿಸೇರಿಯನ್ ಬಂದರೂ ಅವರೇ, ಎತ್ತು ಹಾಯ್ದ ತೊಡೆ ಬಂದರೂ ಅವರೇ. ಇವರ ಕೈಯಲ್ಲಿ ಕಲಿತ ಅಂಥವರು ಮೂವತ್ತೊಂದು ಮಂದಿ. ಮೂವತ್ತೊಂದು!

ಅವರದೊಂದು ನಿಯಮವಿತ್ತು. ರೋಗಿಯನ್ನು ನಾಸಿಕಕ್ಕೆ ಕಳಿಸುವ ಚೀಟಿಗೆ ಯಾರು ಸಹಿ ಹಾಕುತ್ತಾರೋ, ಅವರೇ ಆಂಬುಲೆನ್ಸಿನಲ್ಲಿ ಕೂತು ಹೋಗಬೇಕು.

ಅಶ್ವಿನಿ ನಮ್ಮಲ್ಲಿ ಕಲಿಯಲು ಬಂದ ಮೊದಲ ತಿಂಗಳು. ಭತ್ತದ ಗದ್ದೆಯಿಂದ ಹೊಟ್ಟೆ ಹಿಡಿದುಕೊಂಡು ಒಬ್ಬ ಹೆಂಗಸು ಬಂದಳು. ಅಪೆಂಡಿಕ್ಸ್. ಹುಡುಗಿ ಹೆದರಿ ಚೀಟಿ ಬರೆದಳು. ಸರ್ ನೋಡಿದರು. "ಬರದಿ ಏನವ್ವಾ? ಛಲೋ ಆಯ್ತು. ಈಗ ಗಾಡಿ ಹತ್ತು."

ದಾರಿಯಲ್ಲಿ ಆ ಹೆಂಗಸಿನ ಗಂಡ ಕೇಳಿದನಂತೆ — "ಡಾಕ್ಟರ್‌ಬಾಯಿ, ನಿಮ್ಮಲ್ಲಿಲ್ಲದ್ದು ಅಲ್ಲಿ ಏನಿದೆ?" ನಮ್ಮಲ್ಲಿ ಏನಿರಲಿಲ್ಲ? ಮೇಜಿತ್ತು, ದೀಪವಿತ್ತು, ನಾನಿದ್ದೆ, ಸರ್ ಇದ್ದರು. ಇಲ್ಲದಿದ್ದದ್ದು ಅಶ್ವಿನಿಯ ಧೈರ್ಯವೊಂದೇ. ಹೆಂಗಸು ಗುಣವಾದಳು. ಮುಂದಿನ ಅಪೆಂಡಿಕ್ಸನ್ನು ಅಶ್ವಿನಿಯೇ ತೆಗೆದಳು. ಸರ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು — ಹೀಗೆ.

ಹಾಗಂತ ಅವರು ಹಟಮಾರಿ ಗುರುವಾಗಿರಲಿಲ್ಲ. ಒಂದು ಕಾಲದಲ್ಲಿ ಹಾಗಿದ್ದರು, ಅದನ್ನು ಮುಚ್ಚಿಡಲಿಲ್ಲ. ಕಳಿಸಲೇಬೇಕಿದ್ದ ಒಬ್ಬ ಮುದುಕನನ್ನು, ಆಪರೇಷನ್ ನಾನೇ ಮಾಡುತ್ತೇನೆ ಎಂದು ಇಲ್ಲೇ ಇಟ್ಟುಕೊಂಡರು. ಅವನು ಉಳಿಯಲಿಲ್ಲ. ಪ್ರತಿ ಹೊಸ ತಂಡಕ್ಕೂ ಮೊದಲ ದಿನದ ಪಾಠ ಅದೇ. "ದತ್ತು ಅಂತ ಒಬ್ಬಾಂವ ಇದ್ದ. ನನ್ನ ಸೊಕ್ಕಿಗೆ ಸತ್ತ. ಭಯಕ್ಕ ಚೀಟಿ ಬರೀಬ್ಯಾಡ್ರಿ, ಸೊಕ್ಕಿಗೆ ಬರೀದೇ ಇರಬ್ಯಾಡ್ರಿ." ನನಗೆ ಅವರ ಮೇಲೆ ಅತಿ ಹೆಚ್ಚು ಗೌರವ ಹುಟ್ಟಿದ್ದು ಅಲ್ಲಿ.

ಈಗ — ನಿಮ್ಮೆಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಮುಂದೇನು? ಕಲಿಯುತ್ತಿರುವ ನಾಲ್ವರು ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ತಿಂಗಳ ಕೊನೆಯೊಳಗೆ ಕಲಿಸುವ ಹಿರಿಯರು ಸಿಗದಿದ್ದರೆ ತರಬೇತಿ ನಿಲ್ಲಿಸಿ ಇವರನ್ನು ಬೇರೆಡೆ ಕಳಿಸಬೇಕೆಂದು ಆಸ್ಪತ್ರೆಯ ಟ್ರಸ್ಟಿನವರು ಹೇಳಿದ್ದರು. ಸುಳ್ಳೇಕೆ, ನನಗೂ ನಿದ್ದೆ ಬರಲಿಲ್ಲ.

ಮೊನ್ನೆ ಫೋನು ಬಂತು. ಅಶ್ವಿನಿ. ಈಗ ಛತ್ರಪತಿ ಸಂಭಾಜಿನಗರದ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಮಾಡಿದ್ದಾಳೆ. ಅಲ್ಲೇ ಬೆಳೆದವಳು, ಕನ್ನಡಕ್ಕಿಂತ ಮರಾಠಿಯೇ ಸಲೀಸು. "ಸರ್, ನಾ ಬರ್ತೀನ್ರಿ. ಪಕ್ಕಾ. ಒಂದನೇ ತಾರೀಖಿಗೆ." ನಾನು ಕೇಳಿದೆ, "ವಿಚಾರ ಮಾಡೀಯೇನವ್ವಾ?" "ಮಾಡೀನ್ರಿ. ಆದ್ರ ಚೀಟಿ ನಿಯಮ ಬದಲಿ ಮಾಡಂಗಿಲ್ಲ, ಬರಾಬರ್?"

ಬರಾಬರ್! ಟ್ರಸ್ಟಿನವರು ಒಪ್ಪಿದ್ದಾರೆ. ತರಬೇತಿ ನಿಲ್ಲುವುದಿಲ್ಲ. ವೈನಿ, ಇದನ್ನು ನಿಮ್ಮ ಮುಂದೆ ಹೇಳಬೇಕೆಂದೇ ಈ ಎರಡು ದಿನ ತಡೆದುಕೊಂಡಿದ್ದೆ. ನನ್ನ ಗೆಳೆಯ ಹೋದ, ಆ ನೋವು ನನ್ನದು, ಅದು ಇರುತ್ತದೆ. ಅವರ ಕೆಲಸಕ್ಕೆ ಮಾತ್ರ ಏನೂ ಆಗಿಲ್ಲ.

ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಎರಡು ನಿಮಿಷ ಮೌನ. ಫೋನುಗಳನ್ನು ದಯವಿಟ್ಟು ಬಂದ್ ಮಾಡಿ.

ಹಿಂದಿನ ಸಾಲಿನ ನೀವು ನಾಲ್ವರು — ನೀವು ಬಂದ್ ಮಾಡಬೇಡಿ. ಘೋಟಿಯ ಆಸ್ಪತ್ರೆಯಿಂದ ಫೋನು ಬಂದರೆ ಮೌನ ಮುಗಿಯಲೆಂದು ಕಾಯಬೇಡಿ, ನಡೆದುಬಿಡಿ.