ಅಕ್ಕಿ ತಟ್ಟೆ ಮತ್ತು ಅಕ್ಕಸಾಲಿಗನ ಕಬ್ಬು

ಒಂದೂರಲ್ಲಿ ಅಕ್ಕಿ ಗಿರಣಿಯ ಸಾಹುಕಾರನೊಬ್ಬ ಇದ್ದ. ಪೇಟೆ ಬೀದಿಯ ಅಂಗಡಿ ಮಳಿಗೆಗಳೆಲ್ಲ ಅವನವೇ. ಅವನು ಕೆಮ್ಮಿದರೂ ಬಾಡಿಗೆದಾರರು "ಹೌದು ಧಣಿ" ಅನ್ನುತ್ತಿದ್ದರು. ಅವನಿಗೆ ಒಬ್ಬಳೇ ಮಗಳು. ವಿದ್ಯೆ ಒಲಿಯಲಿ ಅಂತ ವಾಗ್ದೇವಿ ಎಂದು ಹೆಸರಿಟ್ಟ. ನೋಡಿ, ಎಡವಟ್ಟಾದದ್ದೇ ಅಲ್ಲಿ. ತನ್ನ ಹೆಸರಿನ ಒತ್ತಕ್ಷರ ಎಲ್ಲಿ ಕೂರಬೇಕು ಅಂತ ಹುಡುಕುವಷ್ಟರಲ್ಲಿ ಮಗು ಬೆವತು ಹೋಗುತ್ತಿತ್ತು.

ಬಲು ಚೂಟಿ ಹುಡುಗಿ. ಒಮ್ಮೆ ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಿದ್ದಳು. ಪುಸ್ತಕ ತೆರೆದರೆ ಮಾತ್ರ ಅಕ್ಷರಗಳು ಜಾಗ ಬದಲಾಯಿಸುತ್ತಿದ್ದವು. 'ಸರ' ಅಂತಿದ್ದರೆ 'ರಸ' ಅಂತ ಓದುತ್ತಿದ್ದಳು. ತಿಳಿದವರು ಇದನ್ನು ಡಿಸ್ಲೆಕ್ಸಿಯಾ ಅನ್ನುತ್ತಾರೆ. ಸಾಹುಕಾರನಿಗೆ ಅದೆಲ್ಲ ಎಲ್ಲಿ ಗೊತ್ತು? ಅವನ ಪ್ರಕಾರ ತಪ್ಪೆಲ್ಲ ಅಕ್ಕಿಯದು.

ಹೌದು, ಅಕ್ಕಿಯದು! ಅಕ್ಷರಾಭ್ಯಾಸದ ದಿನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೈ ಹಿಡಿದು, ತಟ್ಟೆಯ ಅಕ್ಕಿಯಲ್ಲಿ ಬರೆಸಿದ್ದನಲ್ಲ, ಆ ಅಕ್ಕಿಯಲ್ಲಿ ನುಚ್ಚು ಸೇರಿತ್ತು ಅಂತ ಅವನ ಗುಮಾನಿ. ಸೋನಾ ಮಸೂರಿಯಲ್ಲಿ ಇನ್ನೊಮ್ಮೆ ಅಕ್ಷರಾಭ್ಯಾಸ ಮಾಡಿಸಿದ. ಆಗಲಿಲ್ಲ. ಬಾಸುಮತಿ ತರಿಸಿ ಮಾಡಿಸಿದ. ಪುರೋಹಿತರು, "ಈ ಸಲ ಕಾಳು ಉದ್ದ ಇದೆ ಸಾಹುಕಾರ್ರೆ, ವಿದ್ಯೆ ನಿಲ್ಲುತ್ತೆ" ಅಂದರು. ನಗುತ್ತೀರಲ್ಲ, ಜ್ಞಾಪಕಶಕ್ತಿಗೆ ಅಂತ ನೀವು ಮಕ್ಕಳಿಗೆ ಕುಡಿಸಿದ ಟಾನಿಕ್ ಬಾಟಲಿಗಳು ಎಲ್ಲಿವೆ?

ಒಂದು ದಿನ ವಾಗ್ದೇವಿ ಗೆಳತಿಯರ ಜೊತೆ ಬರುತ್ತಾ, ಅಕ್ಕಸಾಲಿಗನ ಅಂಗಡಿಯ 'ಇಲ್ಲಿ ಸರ ಸಿಗುತ್ತದೆ' ಎಂಬ ಬೋರ್ಡನ್ನು 'ಇಲ್ಲಿ ರಸ ಸಿಗುತ್ತದೆ' ಅಂತ ಓದಿದಳು. ಬೀದಿಯೇ ನಕ್ಕಿತು. ಸುದ್ದಿ ಕೇಳಿ ಸಾಹುಕಾರನಿಗೆ ಉರಿದು ಹೋಯಿತು. ಅಕ್ಕಸಾಲಿಗನ ಅಂಗಡಿಗೇ ಬಂದು ಗದರಿದ: "ನನ್ನ ಮಗಳು ಓದಿದ್ದೇ ಸರಿ! ನಾಳೆಯಿಂದ ನೀನು ರಸಾನೇ ಮಾರ್ಬೇಕು. ಆ ಎದುರಂಗಡಿ ಕಬ್ಬಿನ ಹಾಲಿನವನು ಸರ ಮಾರ್ಲಿ!"

ಯಾರು ಎದುರಾಡುತ್ತಾರೆ? ಅಕ್ಕಸಾಲಿಗ ಚಿನ್ನದ ತಕ್ಕಡಿಯಲ್ಲಿ ಕಬ್ಬಿನ ಹಾಲು ತೂಗಿ ಕೊಟ್ಟ. ಮದುವೆಗೆ ಸರ ಕೊಳ್ಳಲು ಬಂದವರಿಗೆ ಕಬ್ಬಿನ ಹಾಲಿನವನು ಅಭ್ಯಾಸಬಲದಿಂದ "ಐಸ್ ಹಾಕ್ಲಾ?" ಅಂದ.

ಮಗಳು ಹಿಗ್ಗುತ್ತಾಳೆ ಅಂದುಕೊಂಡಿದ್ದ ಸಾಹುಕಾರ. ಅವಳು ಚೀಲ ಮೂಲೆಗೆ ಎಸೆದಳು. "ಇನ್ಮೇಲೆ ಶಾಲೆಗೆ ಹೋಗಲ್ಲ ಅಪ್ಪ. ನಾನು ಇನ್ನೊಂದು ಬೋರ್ಡ್ ಓದಿದ್ರೆ ನೀವು ಇನ್ಯಾರ ಹೊಟ್ಟೆ ಮೇಲೆ ಹೊಡೀತೀರೋ!" ಸಾಹುಕಾರನಿಗೆ ಮೊದಲ ಸಲ ಹೆದರಿಕೆಯಾಯಿತು. ಮಗಳ ಓದು ಕೈತಪ್ಪಿ ಹೋಗುತ್ತಿತ್ತು, ಅದಕ್ಕೆ ಕಾರಣ ತಾನೇ.

ಇಂಥ ಮಕ್ಕಳಿಗೇ ಪಾಠ ಹೇಳಲು ಕಲಿತಿದ್ದ ಟೀಚರಮ್ಮ ಒಬ್ಬರಿದ್ದರು. ಅವರ ಬಳಿಗೆ ಓಡಿದ. ಅವರು, "ತಟ್ಟೆ ತಗೊಂಡು ಬನ್ನಿ, ಅಕ್ಕಿ ತನ್ನಿ" ಅಂದರು. ಸಾಹುಕಾರನ ಮುಖ ಅರಳಿತು. "ಯಾವ ಅಕ್ಕಿ?"

"ರೇಷನ್ ಅಕ್ಕಿ ಆದ್ರೂ ಸರಿ. ದಿನಾ ಬೇಕು."

"ದಿನಾನಾ? ಅದು ಒಂದ್ಸಲ ಮಾಡೋ ಶಾಸ್ತ್ರ ಅಲ್ವಾ ತಾಯಿ?"

"ನಿಮಗೆ ಒಂದ್ಸಲ ಸಾಕಾಯ್ತು. ಇವಳಿಗೆ ದಿನಾ ಬೇಕು. ಕಣ್ಣು ನೋಡ್ತಿರ್ಬೇಕು, ಬಾಯಿ ಹೇಳ್ತಿರ್ಬೇಕು, ಬೆರಳು ಬರೀತಿರ್ಬೇಕು. ಒಂದು ಅಕ್ಷರ ಗಟ್ಟಿ ಆದ್ಮೇಲೆ ಇನ್ನೊಂದು."

ಪಾಠ ಮುಗಿದ ಮೇಲೂ ಮನೆಯಲ್ಲಿ ಸಾಹುಕಾರ ತಟ್ಟೆಯ ಮುಂದೆ ಕೂತ. ಮಗಳ ಕೈಯನ್ನು ಮೂಟೆ ಹಿಡಿದ ಹಾಗೆ ಹಿಡಿದ. ಅವಳು, "ಅಪ್ಪ, ಇಷ್ಟು ಬಿಗಿಯಾಗಿ ಹಿಡಿದ್ರೆ ಅಕ್ಷರ ನಿಮಗೆ ಬರುತ್ತೆ, ನನಗೆ ಬರಲ್ಲ" ಅಂದಳು. ಅವನು ಕೈ ಸಡಿಲ ಮಾಡಿದ. ದಿನಾ ಕೂತ. ಗಿರಣಿಯಿಂದ ಕರೆ ಬಂದರೂ ಏಳಲಿಲ್ಲ.

ಹೀಗೇ ತಿಂಗಳುಗಳು ಉರುಳಿದವು. ಒಂದು ಸಂಜೆ ವಾಗ್ದೇವಿ ಅಪ್ಪನ ಜೊತೆ ಬಂದು ಅದೇ ಬೋರ್ಡಿನ ಮುಂದೆ ನಿಂತಳು. ಅಕ್ಕಸಾಲಿಗ ಕಬ್ಬಿನ ಗಾಣ ನಿಲ್ಲಿಸಿದ. ಅವಳ ಬೆರಳು ಗಾಳಿಯಲ್ಲಿ ಬರೆಯಿತು. "ಸ..." ಹೇಳಿಕೊಡಲು ಸಾಹುಕಾರನ ಬಾಯಿ ತುರಿಸಿತು. ಶಲ್ಯವನ್ನು ಬಾಯಿಗೆ ತುರುಕಿಕೊಂಡ. "ರ... ಸರ!"

ಅಕ್ಕಸಾಲಿಗ ಕಬ್ಬು ಬಿಸಾಕಿ ಗಳಗಳ ಅತ್ತ. "ನನ್ನವ್ವ, ಇನ್ನೊಂದ್ಸಲ ಓದು, ನಿಮ್ಮಪ್ಪನಿಗೆ ಸರಿಯಾಗಿ ಕೇಳಿಸ್ಲಿ!"

ಅಲ್ಲಿಗೆ ಎಲ್ಲ ಸರಿಹೋಯಿತೇ? ಇಲ್ಲ. ಅವಳು ಪಕ್ಕದ ಬೋರ್ಡಿನತ್ತ ತಿರುಗಿ ತಡವರಿಸಿದಳು. ಆ ಅಂಗಡಿಯವನು ಗಡಗಡ ನಡುಗಿದ. ಆದರೆ ಸಾಹುಕಾರ ಅಂದದ್ದು ಇಷ್ಟೇ: "ನಿಧಾನವಾಗಿ ಓದು ಮಗಳೇ, ಅಂಗಡಿ ಎಲ್ಲಿಗೂ ಹೋಗಲ್ಲ."

ಈಗ ನೀವು ಹೇಳಿ. ನಿಮ್ಮ ಮನೆಯ ಮಗು ಓದುವಾಗ ತಡವರಿಸಿದರೆ ಏನು ಮಾಡುತ್ತೀರಿ? ತಲೆಗೆ ಮೊಟಕುತ್ತೀರಿ. ಪಕ್ಕದ ಮನೆಯ ಹುಡುಗನ ಮಾರ್ಕ್ಸು ಹೇಳುತ್ತೀರಿ. ಇಲ್ಲವೇ ಮೇಷ್ಟರ ಮೇಲೆ ಜಗಳಕ್ಕೆ ಹೋಗುತ್ತೀರಿ. ಅಕ್ಷರಾಭ್ಯಾಸದ ದಿನ ಮಗುವಿನ ಕೈ ಹಿಡಿದಿರಿ, ಫೋಟೋ ತೆಗೆಸಿದಿರಿ, ಊಟ ಮಾಡಿದಿರಿ. ಆ ಕೈಯನ್ನು ಆಮೇಲೆ ಯಾವತ್ತು ಹಿಡಿದಿರಿ? ಕಲಿಸಲು ತಿಳಿದವರ ಹತ್ತಿರ ಮಗುವನ್ನು ಕರೆದುಕೊಂಡು ಹೋಗಿ. ಸಂಜೆ ಟೀವಿ ಆರಿಸಿ, ಪಕ್ಕದಲ್ಲಿ ಕೂತು, ಮಗು ಓದಿ ಮುಗಿಸುವ ತನಕ ಬಾಯಿ ಮುಚ್ಚಿಕೊಂಡಿರಿ. ಮತ್ತೆ 'ದಡ್ಡ' ಅನ್ನುವ ಮಾತಿದೆಯಲ್ಲ, ಅದನ್ನು ಇವತ್ತು ಹೊರಗೆ ಚಪ್ಪಲಿ ಬಿಟ್ಟ ಜಾಗದಲ್ಲೇ ಬಿಡಿ. ಹೋಗುವಾಗ ಚಪ್ಪಲಿ ಮಾತ್ರ ಹಾಕಿಕೊಂಡು ಹೋಗಿ.