ಫಕೀರವ್ವ ಸೈಕಲ್ ಕಲಿತದ್ದು

ಒಂದು ಊರು. ಅಲ್ಲಿ ಗುರುಶಿದ್ದಪ್ಪ ಎಂಬ ಶ್ರೀಮಂತ, ಎಣ್ಣೆ ಗಿರಣಿಯ ಸಾವ್ಕಾರ. ಅರವತ್ತೆಂಟಕ್ಕೆ ಗಿರಣಿಯನ್ನು ಮಗನಿಗೆ ಒಪ್ಪಿಸಿದ. ಕೈಗೆ ಕೆಲಸವಿಲ್ಲ, ಹೊತ್ತು ಹೋಗದು. ಏನು ಮಾಡಿದ? ಮಾಳಿಗೆ ಹತ್ತಿ ಗಾಳಿಪಟ ಹಾರಿಸಿದ! ನೋಡಿ, ಪ್ರವಚನ ಕೇಳಲು ಕೂತ ನೀವು ನಕ್ಕಿರಿ. ಆ ಊರೂ ನಕ್ಕಿತು.

ಗುಡಿಯ ಕಟ್ಟೆಯ ಮೇಲೆ ನಾಲ್ವರು ಹಿರಿಯರು ಕೂತಿರುತ್ತಿದ್ದರು. ಅವರ ಕೆಲಸವೇನು? ದಾರಿಯಲ್ಲಿ ಹೋಗುವವರ ತಪ್ಪು ಹುಡುಕುವುದು.

"ಸಾವ್ಕಾರ್ರ, ಈ ವಯಸ್ಸಿನ್ಯಾಗ ಇದೆಲ್ಲಾ ಶೋಭಾ ತರತೈತೇನ್ರಿ? ಬರ್ರಿ, ನಮ್ಮ ಸಂಗಾಟ ಕುಂದರ್ರಿ."

ಗಾಳಿಪಟದ ದಾರ ಬೆರಳನ್ನು ಜಗ್ಗುವಾಗ ಗುರುಶಿದ್ದಪ್ಪನ ಎದೆ ಹಗುರಾಗುತ್ತಿತ್ತು. ಆದರೂ ಮರ್ಯಾದೆಗೆ ಅಂಜಿದ. ಬಂದು ಕೂತ. ಕೂತ ಅಂದರೆ ಕೂತೇಬಿಟ್ಟ, ಎರಡು ವರ್ಷ! ಮೊಣಕಾಲು ಹಿಡಿದುಕೊಂಡವು, ನಾಲಿಗೆ ಮಾತ್ರ ಚುರುಕಾಯಿತು.

ಒಂದು ಸಂಜೆ ಫಕೀರವ್ವ ಎಂಬ ಹೆಂಗಸು ಕಟ್ಟೆಯ ಮುಂದಿನ ಬಯಲಿನಲ್ಲಿ ಸೈಕಲ್ ಕಲಿಯತೊಡಗಿದಳು. ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು, ವಯಸ್ಸು ಅರವತ್ತೆರಡು. ಸೀರೆಗೆ ಕಚ್ಚೆ ಹಾಕಿ, ಕಾಲೂರುತ್ತ, ಓಲಾಡುತ್ತ ಬಂದಳು. ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವನು ಯಾರು? ನಮ್ಮ ಸಾವ್ಕಾರನೇ!

"ಏ ಫಕೀರವ್ವಾ, ವಯಸ್ಸೆಷ್ಟಾತವಾ ನಿನಗ?"

ಆಕೆ ಸೈಕಲ್ ನಿಲ್ಲಿಸಿದಳು. ಸೆರಗಿನಿಂದ ಬೆವರು ಒರೆಸಿಕೊಂಡಳು. "ಭಾಳ ಆಗೇತ್ರಿ ಸಾವ್ಕಾರ್ರ. ಅದಕ್ಕ ಲಗೂನ ಕಲ್ಯಾಕ ಹತ್ತೀನಿ. ನಿಮಗೇನ್ ಇನ್ನೂ ಭಾಳ ಟೈಮ್ ಐತೇನ್ರಿ, ಸುಮ್ನ ಕುಂತೀರಿ?"

ಕಟ್ಟೆ ಘೊಳ್ಳೆಂದು ನಕ್ಕಿತು, ಈ ಸಲ ಅವನನ್ನು ನೋಡಿ. ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾಚಿಕೆ ಬಂತು. ತನ್ನನ್ನು ಚುಚ್ಚಿದ ಮಾತಿನಿಂದಲೇ ತಾನು ಇನ್ನೊಬ್ಬರನ್ನು ಚುಚ್ಚಿದೆನಲ್ಲ! ಎದ್ದ. ಬಯಲಿಗಿಳಿದ.

"ತಪ್ಪಾತು ಯವ್ವಾ. ನನಗೂ ಕಲಿಸ್ತೀಯೇನು?"

ಮೂರು ಸಲ ಬಿದ್ದ. ಮೊಣಕೈ ತರಚಿತು. ಕಟ್ಟೆಯ ಹಿರಿಯರು ಮನೆಗೆ ಬಂದು, "ನಾವು ಹೇಳಿದ್ದಿಲ್ಲೇನ್ರಿ?" ಎಂದು ಅವನದೇ ಚಹಾ ಕುಡಿದು ಹೋದರು. ತಿಂಗಳು ಕಳೆಯುವಷ್ಟರಲ್ಲಿ ಗುರುಶಿದ್ದಪ್ಪ ಸೈಕಲ್ ಮೇಲೆ ಸಂತೆಗೆ ಹೋಗಿ ಮೆಂತ್ಯೆ ಸೊಪ್ಪು ತಂದ. ಅವತ್ತು ಎರಡು ರೊಟ್ಟಿ ಹೆಚ್ಚು ಉಂಡ.

ಈಗ ಹೇಳಿ, ಆ ಕಟ್ಟೆ ಎಲ್ಲಿದೆ? ಯಾಕೆ ಹಿಂದೆ ತಿರುಗಿ ನೋಡುತ್ತೀರಿ? ನೀವು ಕೂತ ಜಾಗವೇ ಅದು! ಅತ್ತೆ ಹಾಡು ಕಲಿಯಲು ಹೋದರೆ ಮೂಗು ಮುರಿಯುವವರು ಇಲ್ಲೇ ಇದ್ದೀರಿ. ಅಪ್ಪ ಕೇರಂ ಆಡಿದರೆ ನೆರೆಮನೆಯವರಿಗೆ ಕಾಣದಂತೆ ಬಾಗಿಲು ಹಾಕುವವರೂ ಇದ್ದೀರಿ. ಹಾಡಿಗೆ ವಯಸ್ಸು ಕೇಳುತ್ತೀರಿ, ಆಟಕ್ಕೆ ವಯಸ್ಸು ಕೇಳುತ್ತೀರಿ. ಚಾಡಿ ಹೇಳಲು ಯಾರಾದರೂ ವಯಸ್ಸು ಕೇಳಿದ್ದೀರಾ?

ದಿನಾ ಹಿರಿಯರಿಗೆ "ಉಂಡಿರಾ, ಗುಳಿಗೆ ನುಂಗಿದಿರಾ" ಅನ್ನುತ್ತೀರಲ್ಲ, ನಾಳೆ ಇನ್ನೊಂದು ಮಾತು ಕೇಳಿ: "ಇವತ್ತು ಏನು ಆಡೋಣ?" ಅವರು ಎದ್ದರೆ ಜೊತೆಗೆ ನೀವೂ ಏಳಿ. ಊರು ನಕ್ಕರೆ ಊರಿಗೆ ನೀವೇ ಉತ್ತರ ಕೊಡಿ. ಆಟ ಜೋರಾಗಿ ನಡೆದಿದ್ದರೆ ನಾಳೆ ಪ್ರವಚನಕ್ಕೆ ಬರದಿದ್ದರೂ ನಡೆದೀತು, ಖಾಲಿ ಚಾಪೆಗಳನ್ನು ನೋಡಿ ನಾನು ಖುಷಿಪಡುತ್ತೇನೆ.